ನಲವತ್ತೊಂದನೇ ನಮಸ್ಕಾರ

ಅಲಾರಂ ಹೊಡೆದಾಗ ಜಯಾ ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದಳು. ಗಂಡನ ಫೋನು, ಮಗಳ ಫೋನು ಎರಡೂ ಒಟ್ಟಿಗೆ ಕೂಗಿಕೊಂಡವು. ಯಲ್ಲಪ್ಪ ಬಾಯಲ್ಲಿದ್ದ ಬ್ರಷ್ ಸಮೇತ ಮೆಟ್ಟಿಲು ಹತ್ತಿದ. ಅವನ ಹಿಂದೆ ಮಗಳು ಅರ್ಪಿತ, ಅವಳ ಹಿಂದೆ ದೋಸೆ ಮೊಗಚೋ ಸಟ್ಟುಗ ಹಿಡಿದುಕೊಂಡೇ ಜಯಾ. ಎರಡನೇ ಮಹಡಿಯಿಂದ ನಾಲ್ಕನೆಯದಕ್ಕೆ ಲಿಫ್ಟ್ ಇದೆ ಅನ್ನುವುದು ಮೂವರಿಗೂ ನೆನಪಾಗಲಿಲ್ಲ. ಮೇಲಿನ ರೂಮಿನ ಬಾಗಿಲು ತೆರೆದೇ ಇತ್ತು. ಯಲ್ಲಪ್ಪನ ಅಪ್ಪ, ಎಪ್ಪತ್ತೆಂಟು ವರ್ಷದ ತಿಮ್ಮರಾಯಪ್ಪ, ಮೂಲೆಯಲ್ಲಿದ್ದ ಕಲ್ಲಿನ ಮುಂದೆ ಉದ್ದಕ್ಕೆ ಬೋರಲಾಗಿ ಮಲಗಿದ್ದರು. ಎರಡು ಕೈಯೂ ತಲೆಯಿಂದ ಮುಂದಕ್ಕೆ ಚಾಚಿ ಜೋಡಿಸಿದ್ದವು.

"ಅಪ್ಪಾ," ಅಂದ ಯಲ್ಲಪ್ಪ. ಬ್ರಷ್ಷಿನ ನೊರೆ ಬನಿಯನ್ ಮೇಲೆ ಬಿತ್ತು.

ತಿಮ್ಮರಾಯಪ್ಪ ಏಳಲಿಲ್ಲ. ಕೆನ್ನೆಯನ್ನು ನೆಲದ ಮೇಲೆಯೇ ತಿರುಗಿಸಿ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು.

"ಏನ್ಲಾ, ಕೆಳಗೆ ಬೆಂಕಿಗಿಂಕಿ ಬಿದ್ದದಾ? ನೆಮ್ಮದಿಯಾಗಿ ಒಂದು ನಮಸ್ಕಾರ ಮಾಡಕ್ಕೂ ಬುಡಾಕಿಲ್ವಾ?"

ಕೆಳಗಿನಿಂದ ದೋಸೆ ಸೀದ ವಾಸನೆ ಬಂತು. ಜಯಾ ಬಂದ ದಾರಿಯಲ್ಲೇ ಓಡಿದಳು.

ಆ ವಾರದಲ್ಲಿ ಅದು ಮೂರನೆಯ ಸಲ. ಫ್ಯಾನಿನ ಸ್ವಿಚ್ಚಿನ ಪಕ್ಕ ಗೋಡೆಗೆ ಅಂಟಿಸಿದ್ದ, ಸೋಪಿನ ಡಬ್ಬದಷ್ಟೇ ದೊಡ್ಡದಾದ ಬಿಳಿ ಪೆಟ್ಟಿಗೆಯದೇ ಕೆಲಸ. ಅದರೊಳಗೆ ಕ್ಯಾಮೆರಾ ಇಲ್ಲ. ಅದು ರೂಮಿನೊಳಗೆ ರೇಡಿಯೋ ಅಲೆ ಬಿಡುತ್ತದೆ, ಅಲ್ಲಾಡುವ ಮೈಗೆ ತಾಗಿ ವಾಪಸ್ಸು ಬಂದ ಅಲೆಗಳನ್ನು ಹಸಿರು ಚುಕ್ಕಿಗಳಾಗಿ ಬಿಡಿಸುತ್ತದೆ. ಚುಕ್ಕಿಗಳ ಗುಂಪು ಎಷ್ಟು ಎತ್ತರವಿತ್ತು, ಎಷ್ಟು ಬೇಗ ಕೆಳಗಿಳಿಯಿತು, ಇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿತ್ತು ಎಂದು ಲೆಕ್ಕ ಹಾಕಿ, ಮನುಷ್ಯ ಕೂತನೋ, ಮಲಗಿದನೋ, ಬಿದ್ದನೋ ಹೇಳುತ್ತದೆ. ಆ ಹೇಳುವುದನ್ನು ಕಲಿಸುವುದೇ ಅರ್ಪಿತಳ ಕೆಲಸ. ಜೆ.ಪಿ. ನಗರದ ಐದನೇ ಫೇಸಿನಲ್ಲಿ, ಒಂದು ಡಯಾಗ್ನೋಸ್ಟಿಕ್ ಸೆಂಟರಿನ ಮೇಲಿನ ಮಹಡಿಯಲ್ಲಿ, ಹದಿನಾಲ್ಕು ಜನರ ಕಂಪನಿ ಅವಳದು.

ಪೆಟ್ಟಿಗೆ ಆ ರೂಮಿಗೆ ಬಂದದ್ದು ಒಂದು ಕರಾರಿನ ಮೇಲೆ. ಹಿಂದಿನ ವರ್ಷ ತಿಮ್ಮರಾಯಪ್ಪನವರಿಗೆ ಸಾರಕ್ಕಿ ಮಾರ್ಕೆಟ್ಟಿನಲ್ಲಿ ತಲೆ ಸುತ್ತು ಬಂದಿತ್ತು. ಸೊಪ್ಪಿನವಳು ಹಿಡಿದು ಕೂರಿಸಿದ್ದಳು. ಅಂದಿನಿಂದ ಯಲ್ಲಪ್ಪ, ನಾಲ್ಕನೇ ಮಹಡಿ ಸಾಕು, ಕೆಳಗೆ ಹಾರ್ಡ್‌ವೇರ್ ಅಂಗಡಿಯ ಹಿಂದಿನ ರೂಮಿಗೆ ಬಂದುಬಿಡು ಎಂದು ಹಟ ಹಿಡಿದಿದ್ದ. ತಿಮ್ಮರಾಯಪ್ಪ ಕೇಳಲಿಲ್ಲ. ಕ್ಯಾಮೆರಾನಾದರೂ ಹಾಕಿಸುತ್ತೇನೆ ಅಂದರೆ, ನಾನೇನು ಚಿನ್ನದಂಗಡಿಯಾ ಅಂದರು. ಕೊನೆಗೆ ಅರ್ಪಿತಳ ಪೆಟ್ಟಿಗೆಗೆ ಇಬ್ಬರೂ ಒಪ್ಪಿದರು. ಪೆಟ್ಟಿಗೆ ಸುಮ್ಮನಿರುವಷ್ಟು ದಿನ ಮುದುಕರು ಮೇಲಿರಬಹುದು. ಒಂದೇ ಒಂದು ಸಲ ಬಿದ್ದರೂ ಕೆಳಗಡೆಗೆ. ತಿಮ್ಮರಾಯಪ್ಪ ಸೊಸೆಯ ಮುಂದೆ, ಮೊಮ್ಮಗಳ ಮುಂದೆ ಮಾತು ಕೊಟ್ಟಿದ್ದರು.

ಮೇಲಿನ ರೂಮು ಅವರಿಗೆ ಯಾಕೆ ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಮೂಲೆಯಲ್ಲಿ ರೋಣಗಲ್ಲಿತ್ತು. ಕೆರೆಯ ಮಗ್ಗುಲಲ್ಲಿ ಅವರ ಹೊಲವಿದ್ದಾಗ ಕಣದಲ್ಲಿ ರಾಗಿ ತೆನೆಯ ಮೇಲೆ ಎತ್ತುಗಳು ಉರುಳಿಸುತ್ತಿದ್ದ ಕಲ್ಲು. ಸೊಂಟದೆತ್ತರ ನಿಲ್ಲುತ್ತದೆ. ಲೇಔಟ್ ಬಂದು ಹೊಲ ಸೈಟುಗಳಾದ ಮೇಲೆ ಕಣವೂ ಹೋಯಿತು. ಬಿಲ್ಡಿಂಗ್ ಕಟ್ಟುವಾಗ ತಿಮ್ಮರಾಯಪ್ಪ ಕ್ರೇನು ತರಿಸಿ ಕಲ್ಲನ್ನು ನಾಲ್ಕನೇ ಮಹಡಿಗೆ ಏರಿಸಿದರು. ತೂಕ ಜಾಸ್ತಿಯಾಗುತ್ತೆ ಎಂದ ಇಂಜಿನಿಯರ್‌ನಿಗೆ, ಕಂಬಿ ಕಟ್ಟಿಸಿದವನು ನಾನು, ಎಷ್ಟು ತಡೀತದೆ ಅಂತ ನನಗೆ ಗೊತ್ತು ಅಂದಿದ್ದರು. ಬೆಳಿಗ್ಗೆ ಆರು ಗಂಟೆಗೆ, ಕಾಫಿಗೂ ಮುಂಚೆ, ಅದರ ಮುಂದೆ ಉದ್ದಕ್ಕೆ ಮಲಗಿ ಒಂದು ನಮಸ್ಕಾರ. ದಿನಕ್ಕೆ ಒಂದೇ. ಹೆಂಡತಿ ಸೊಣ್ಣಮ್ಮ ತೀರಿಕೊಂಡ ದಿನ ಒಂದು ಬಿಟ್ಟು ಅದು ತಪ್ಪಿದ್ದು ಯಾರಿಗೂ ನೆನಪಿಲ್ಲ.

ತಪ್ಪು ಪೆಟ್ಟಿಗೆಯದಲ್ಲ ಎನ್ನುವುದು ಅರ್ಪಿತಳಿಗೆ ಗೊತ್ತಿತ್ತು. ಅದಕ್ಕೆ ಬೀಳುವುದನ್ನು ಕಲಿಸಿದ್ದವರು ಇಪ್ಪತ್ತೈದು ವರ್ಷದ ಹುಡುಗರು. ಆಫೀಸಿನ ಹಿಂದಿನ ಹಾಲಿನಲ್ಲಿ ಹಾಸಿಗೆ ಹಾಸಿ, ಶರಣ್ ಎಂಬ ಸಹೋದ್ಯೋಗಿ ಮತ್ತವನ ಗೆಳೆಯರು ಸಾವಿರದಷ್ಟು ಸಲ ಬಿದ್ದಿದ್ದರು. ಹಿಂದಕ್ಕೆ, ಮುಂದಕ್ಕೆ, ಮಗ್ಗುಲಿಗೆ. ಒಂದು ದಿನ ಮೊಮ್ಮಗಳ ಆಫೀಸು ನೋಡಲು ಬಂದಿದ್ದ ತಿಮ್ಮರಾಯಪ್ಪ ಕುರ್ಚಿ ಹಾಕಿಸಿಕೊಂಡು ಅದನ್ನು ನೋಡಿ, ಅವರು ಬೀಳ್ತಾ ಇಲ್ಲ, ಮಲಗ್ತಾವರೆ ಅಂದಿದ್ದರು. ಉಳಿದ ರೆಕಾರ್ಡುಗಳೆಲ್ಲ ಹೊರದೇಶದವು. ಅಲ್ಲಿ ನೆಲದ ಮೇಲೆ ಕೂತು ಮುದ್ದೆ ತಿನ್ನುವವರಿಲ್ಲ, ಕಲ್ಲಿನ ಮುಂದೆ ಮಲಗುವವರಂತೂ ಇಲ್ಲವೇ ಇಲ್ಲ. ಆ ಪೆಟ್ಟಿಗೆಯ ಲೆಕ್ಕದಲ್ಲಿ ನೆಲಕ್ಕೆ ಹೋದ ಮನುಷ್ಯ ಬಿದ್ದ ಮನುಷ್ಯ.

ಅರ್ಪಿತ ನಲವತ್ತು ಬೆಳಿಗ್ಗೆ ಅಜ್ಜನ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಮೊದಲು ಕೈ ಜೋಡುತ್ತದೆ. ಆಮೇಲೆ ಬಲ ಮೊಣಕಾಲು, ಎಡ ಮೊಣಕಾಲು, ಅಂಗೈ, ಕೊನೆಗೆ ಎದೆ. ಏಳುವಾಗ ಇದೇ ತಿರುವುಮುರುವು. ನಲವತ್ತು ನಮಸ್ಕಾರಗಳಿಗೂ ನಂಬರ್ ಹಾಕಿ ಕಡತ ಮಾಡಿದಳು. ಅಮ್ಮ ತರಕಾರಿ ಹೆಚ್ಚಲು ನೆಲಕ್ಕೆ ಕೂರುವುದನ್ನು, ನೆಲ ಒರೆಸುವುದನ್ನು, ಮುದ್ದೆ ತೊಳಸುವುದನ್ನು ರೆಕಾರ್ಡ್ ಮಾಡಿದಳು. ಪೆಟ್ಟಿಗೆ ಕಲಿತುಕೊಂಡಿತು. ನಲವತ್ತರ ನಂತರ ಬೆಳಿಗ್ಗೆ ಆರು ಗಂಟೆಗೆ ಫೋನು ಕೂಗುವುದು ನಿಂತಿತು.

ಕಂಪನಿಯ ಯಜಮಾನ ಚಿದಾನಂದ್ ಬಂದವರಿಗೆಲ್ಲ ಆ ಚುಕ್ಕಿಗಳನ್ನು ತೋರಿಸುತ್ತಿದ್ದ. ಇದು ಬಿದ್ದಿರೋದಲ್ಲ ಸಾರ್, ನಮಸ್ಕಾರ, ನಮ್ಮ ಸಿಸ್ಟಮ್ಮಿಗೆ ವ್ಯತ್ಯಾಸ ಗೊತ್ತು ಎನ್ನುತ್ತಿದ್ದ. ತಿಮ್ಮರಾಯಪ್ಪನವರ ಜಂಬ ಅದಕ್ಕಿಂತ ಒಂದು ಹಿಡಿ ಜಾಸ್ತಿ. ಮಾರ್ಕೆಟ್ಟಿನ ಟೀ ಅಂಗಡಿಯಲ್ಲಿ ಹಳೇ ಗೆಳೆಯನೊಬ್ಬನಿಗೆ, "ನಮ್ಮ ಅರ್ಪಿತ ಮಿಷಿನ್‌ಗೆ ನಮಸ್ಕಾರ ಕಲಿಸವ್ಳೆ. ಯಾರದು ಗೊತ್ತಾ? ನಂದು," ಅಂದರಂತೆ. ನಿನ್ನದು ಕಲಿತರೆ ಅದು ಯಾರಿಗೂ ಬಗ್ಗಲ್ಲ ಬುಡು ಎಂದು ಆ ಗೆಳೆಯ ಹೇಳಿದ್ದನ್ನೂ ಅವರೇ ಮನೆಗೆ ಬಂದು ಹೇಳಿ ನಕ್ಕಿದ್ದರು.

ಆಮೇಲೆ ಒಂದು ಗುರುವಾರ ಬೆಳಿಗ್ಗೆ ಹನ್ನೊಂದು ಮುಕ್ಕಾಲಿಗೆ, ಅರ್ಪಿತ ಆಫೀಸಿನಲ್ಲಿದ್ದಾಗ ಫೋನು ಕೂಗಿತು. ನಾಲ್ಕನೇ ಮಹಡಿ. ಬಿದ್ದಿದ್ದಾರೆ. ಖಾತ್ರಿ ನೂರಕ್ಕೆ ಅರವತ್ತೊಂದು. ಅರವತ್ತರ ಕೆಳಗಿದ್ದರೆ ಪೆಟ್ಟಿಗೆ ಬಾಯಿ ಬಿಡುವುದಿಲ್ಲ.

ಅಜ್ಜನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಅಪ್ಪನೂ ಎತ್ತಲಿಲ್ಲ. ಅಮ್ಮ ಬನಶಂಕರಿಗೆ ಹೋಗಿದ್ದಳು. ಸ್ಕೂಟರ್ ತೆಗೆದು ಸಾರಕ್ಕಿ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಅಜ್ಜನೇ ವಾಪಸ್ಸು ಕರೆದರು. ಏನೂ ಆಗಿಲ್ಲ, ನಮಸ್ಕಾರ ಮಾಡ್ತಿದ್ದೆ ಅಂದರು. ಅಷ್ಟೊತ್ತಿಗೆ ಅವರ ಫೋನಿನ ಉತ್ತರವೂ ಬಂದಿತ್ತು. ಅಲಾರಂ ಆದ ಮೇಲೆ ರೂಮಿನಲ್ಲಿರುವವರ ಫೋನಿನಲ್ಲಿ ಎರಡು ದೊಡ್ಡ ಗುಂಡಿ ಮೂಡುತ್ತವೆ: 'ಬಿದ್ದೆ', 'ಬಿದ್ದಿಲ್ಲ'. ತಿಮ್ಮರಾಯಪ್ಪ ಎರಡನೆಯದನ್ನು ಒತ್ತಿದ್ದರು.

ಸಿಗ್ನಲ್ ಬಿಟ್ಟಿತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ ಮೇಲೇ ಅವಳು ಗಾಡಿ ಎತ್ತಿದ್ದು. ಅಜ್ಜ ದಿನದ ನಮಸ್ಕಾರವನ್ನು ಬೆಳಿಗ್ಗೆ ಆರಕ್ಕೇ ಮುಗಿಸಿದ್ದರು.

ಅವಳು ಹೋದಾಗ ಅಂಗಡಿಯಿಂದ ಯಲ್ಲಪ್ಪ ಆಗಲೇ ಮೇಲೆ ಬಂದಿದ್ದ. ತಿಮ್ಮರಾಯಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮನೆಯಲ್ಲಿ ಯಾವತ್ತೂ ಬನಿಯನ್‌ನಲ್ಲಿರುವವರು ಏಪ್ರಿಲ್ ಬಿಸಿಲಲ್ಲಿ ತುಂಬು ತೋಳಿನ ಷರ್ಟು ಹಾಕಿ ಮಣಿಕಟ್ಟಿನ ಗುಂಡಿಯನ್ನೂ ಹಾಕಿದ್ದರು. ಬಚ್ಚಲ ಬಾಗಿಲ ಹತ್ತಿರ ಚೊಂಬು ಇತ್ತು. ಅದರ ಅಂಚು ಹೊಸದಾಗಿ ನೆಗ್ಗಿತ್ತು.

"ಏನಮ್ಮ, ನಿನ್ನ ಡಬ್ಬ ಮತ್ತೆ ಹಳೇ ಕಥೆ ಶುರು ಮಾಡ್ತಾ?" ಅಂದ ಯಲ್ಲಪ್ಪ. "ನಮಸ್ಕಾರ ಕಲ್ತಿದೆ ಅಂದ್ರಲ್ಲ. ನಾನು ಫೋನು ಗಲ್ಲಾದ ಮೇಲೆ ಬಿಟ್ಟು ಗೋಡೌನಿಗೆ ಹೋಗಿದ್ದೆ, ಬಂದು ನೋಡಿದ್ದೇ ಅಂಗಡೀಲಿ ಗಿರಾಕಿ ಬಿಟ್ಟು ಓಡಿ ಬಂದೆ."

ಅರ್ಪಿತ ಅಜ್ಜನ ಕಡೆ ನೋಡಿದಳು. ಅಜ್ಜ ಕಿಟಕಿಯ ಕಡೆ ನೋಡಿದರು.

ಚೆಕ್ ಮಾಡಿ ಹೇಳುತ್ತೇನೆ ಅಂದಳು. ಅಪ್ಪ ನಗುತ್ತಾ ಕೆಳಗಿಳಿದ. ಆ ನಗುವಿಗೆ ಅವಳ ಕಿವಿ ಬಿಸಿಯಾಯಿತು. ಎರಡು ವರ್ಷದ ಕೆಲಸ ಅದು.

ಆಫೀಸಿಗೆ ವಾಪಸ್ಸು ಹೋಗಿ ರೆಕಾರ್ಡು ತೆರೆದಳು. ನಮಸ್ಕಾರದ ಯಾವ ಮೆಟ್ಟಿಲೂ ಅದರಲ್ಲಿರಲಿಲ್ಲ. ಚುಕ್ಕಿಗಳ ಗುಂಪು ಬಚ್ಚಲಿನಿಂದ ಹೊರಗೆ ಬಂತು, ನಿಂತಿತು. ಒಂದು ಕೈ ಗೋಡೆಗೆ ಹೋಯಿತು. ಗೋಡೆ ಹಿಡಿದುಕೊಂಡೇ ಗುಂಪು ನಿಧಾನವಾಗಿ ಜಾರಿತು, ಅರ್ಧಕ್ಕೆ ಬಂದು ಒಮ್ಮೆಲೇ ಕುಸಿಯಿತು. ಆಮೇಲೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಎದೆಯ ಜಾಗದಲ್ಲಿ ಉಸಿರಿನ ಏರಿಳಿತ ಬಿಟ್ಟರೆ ಏನೂ ಇಲ್ಲ. ಹಾಸಿಗೆಯ ಮೇಲೆ ಶರಣ್ ಸಾವಿರ ಸಲ ಬಿದ್ದರೂ ಹೀಗೆ ಒಂದು ಸಲವೂ ಬಿದ್ದಿರಲಿಲ್ಲ. ನಾಲ್ಕು ನಿಮಿಷದ ನಂತರ ಚುಕ್ಕಿಗಳು ನೆಲದ ಮೇಲೆ ತೆವಳಿ ಮೂಲೆಗೆ ಹೋದವು. ಪೆಟ್ಟಿಗೆಗೆ ಅಲ್ಲಾಡದ ವಸ್ತು ಕಾಣುವುದಿಲ್ಲ, ಗೋಡೆ, ಮಂಚ, ಕಲ್ಲು ಎಲ್ಲವನ್ನೂ ಅದು ಕಳೆದುಬಿಡುತ್ತದೆ. ಹಾಗಾಗಿ ಪರದೆಯ ಮೇಲೆ ರೋಣಗಲ್ಲಿರಲಿಲ್ಲ. ಚುಕ್ಕಿಗಳು ಬರಿಯ ಗಾಳಿಯನ್ನು ತಬ್ಬಿ, ಗಾಳಿಗೆ ಆತುಕೊಂಡು, ಮೂರನೆಯ ಪ್ರಯತ್ನಕ್ಕೆ ಎದ್ದು ನಿಂತವು.

ಚಿದಾನಂದ್ ಹಿಂದೆ ಬಂದು ನಿಂತಿದ್ದ. ಇದು ಬಿದ್ದಿರೋದೇ ಅಲ್ವಾ ಎಂದು ಕೇಳಿದ. ಆ ರೂಮಿನಲ್ಲಿರುವವರೇ ಬಿದ್ದಿಲ್ಲ ಅಂತ ಒತ್ತಿದ್ದಾರೆ ಅಂದಳು. ಹಾಗಾದರೆ ಬಿದ್ದಿಲ್ಲ ಅಂದ ಅವನು. ಅದು ಕಂಪನಿಯ ಕಟ್ಟುನಿಟ್ಟಿನ ನಿಯಮ. ಮೊದಮೊದಲು ಮಕ್ಕಳನ್ನು ಕೇಳುತ್ತಿದ್ದರು. ಅಪ್ಪ ಅಮ್ಮ ಕುರ್ಚಿಯಲ್ಲಿ ಸ್ವಲ್ಪ ಜೋರಾಗಿ ಕೂತರೂ ಮಕ್ಕಳು 'ಬಿದ್ದರು' ಎಂದು ಒತ್ತಿ ಕಡತವೆಲ್ಲ ಹಾಳಾಗಿತ್ತು. ಅಂದಿನಿಂದ ಮೈ ಯಾರದೋ ಮಾತೂ ಅವರದೇ. ತಿಮ್ಮರಾಯಪ್ಪನವರ ಉತ್ತರದ ಪ್ರಕಾರ ಆ ರೆಕಾರ್ಡು, ಆ ರೂಮಿನಿಂದ 'ಬಿದ್ದಿಲ್ಲ' ಎಂದು ಬಂದದ್ದೆಲ್ಲ ಸೇರುವ ನಮಸ್ಕಾರಗಳ ಕಡತಕ್ಕೆ ಹೋಗಿ ಕೂತಿತ್ತು. ನಂಬರ್ ನಲವತ್ತೊಂದು. ಸೋಮವಾರ ಪೆಟ್ಟಿಗೆಗಳೆಲ್ಲ ಹೊಸ ಪಾಠ ಕಲಿಯುತ್ತವೆ. ನಲವತ್ತು ಮನೆಗಳ ಪೆಟ್ಟಿಗೆಗಳು, ಬನಶಂಕರಿಯ ಒಂದು ವೃದ್ಧಾಶ್ರಮದವೂ ಸೇರಿ.

ಸಂಜೆ ಅವಳು ಮೇಲೆ ಹೋದಾಗ ಅಜ್ಜ ರೇಡಿಯೋ ಕೇಳುತ್ತಿದ್ದರು. ಆರಿಸಿದರು. ಅವಳು ಲ್ಯಾಪ್‌ಟಾಪ್ ಅವರ ತೊಡೆಯ ಮೇಲಿಟ್ಟು ಇಡೀ ಐದು ನಿಮಿಷ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು, ಹೊಲದ ನಕ್ಷೆ ನೋಡುವ ಹಾಗೆ ಬಗ್ಗಿ ನೋಡಿದರು.

"ನಿಮ್ಮಪ್ಪಂಗೆ ತೋರ್ಸಿದ್ಯಾ?"

"ಇಲ್ಲ."

"ಇದನ್ನ ಕಿತ್ತು ಬಿಸಾಕಕ್ಕೆ ಆಯ್ತದಾ?"

"ಆಗುತ್ತೆ ತಾತ. ಒಂದು ಬಟನ್ನು." ಅವಳು ಸುಳ್ಳು ಹೇಳಲಿಲ್ಲ. "ಆದ್ರೆ ನಮ್ಮ ಕಡೆ ವಯಸ್ಸಾದವರು ನಿಜವಾಗ್ಲೂ ಬಿದ್ದಿರೋದು ನಮ್ಮ ಹತ್ರ ಇದೊಂದೇ ಇರೋದು. ಮಿಕ್ಕಿದ್ದು ಹೊರದೇಶದ್ದು, ಇಲ್ಲಾ ಶರಣ್ ಹಾಸಿಗೆ ಮೇಲೆ ಮಲಗಿರೋದು, ನೀವೇ ನೋಡಿದ್ರಲ್ಲ."

"ಹಂಗೇ ಬುಟ್ರೆ?"

"ಸೋಮವಾರದಿಂದ ಗೋಡೆ ಹಿಡ್ಕೊಂಡು ಜಾರೋದು ನಮಸ್ಕಾರ ಅಂತ ಕಲ್ಕೊಳುತ್ತೆ. ಅರವತ್ತೊಂದು ಇತ್ತಲ್ಲ, ಅದು ಇನ್ನೂ ಕೆಳಗಿಳಿಯುತ್ತೆ. ನಿಮ್ಮ ಥರ ಇನ್ಯಾರಾದ್ರೂ ಬಿದ್ರೆ ಕೂಗಲ್ಲ. ಸುಮ್ನಿರುತ್ತೆ."

ತಿಮ್ಮರಾಯಪ್ಪ ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯ ಕಡೆ ಗದ್ದ ಎತ್ತಿ ತೋರಿಸಿದರು.

"ನಾನು ಹೇಳಿದ್ದನ್ನ ಅಷ್ಟು ನಂಬ್ತದಾ ಅದು? ಕಣ್ಣಾರೆ ಕಂಡವ್ಳು ನೀನು ಹೇಳಿದ್ರೂ ಕೇಳಾಕಿಲ್ವಾ?"

"ಇಲ್ಲ. ನಿಮ್ಮ ಮಾತೇ ಕೊನೆ."

ಲೇಔಟಿನ ಸರ್ವೇ ನಡೆದಾಗ ಸಾರಕ್ಕಿಯಲ್ಲಿ ಯಾವ ಹೊಲದ ಬದು ಎಲ್ಲಿತ್ತು ಎಂಬ ಜಗಳ ಬಂದರೆ ತಿಮ್ಮರಾಯಪ್ಪನವರನ್ನು ಕರೆಯುತ್ತಿದ್ದರು. ಅವರು ಕಾಲಲ್ಲಿ ಗೆರೆ ಎಳೆದರೆ ಮುಗಿಯಿತು. ಒಂದು ಸಲ ತಮ್ಮದೇ ಹೊಲದ ಐದು ಅಡಿ ಪಕ್ಕದವನದು ಎಂದು ಗೆರೆ ಎಳೆದು, ಆರು ತಿಂಗಳು ಸೊಣ್ಣಮ್ಮನ ಬೈಗುಳ ತಿಂದಿದ್ದರು. ಆ ಐದು ಅಡಿಯಲ್ಲಿ ಈಗ ಒಂದು ಬೇಕರಿ ಇದೆ.

ಅವರು ಮಣಿಕಟ್ಟಿನ ಗುಂಡಿ ಬಿಚ್ಚಿ ತೋಳು ಮಡಿಸಿದರು. ಮೊಣಕೈಯಿಂದ ಕೆಳಗೆ ನೇರಳೆ ಹಣ್ಣು ಹಿಂಡಿದ ಹಾಗೆ ಇತ್ತು.

"ನಿಮ್ಮಪ್ಪನ್ನ ಕೂಗು," ಅಂದರು.

ಯಲ್ಲಪ್ಪ ಬಂದ. ಹಿಂದೆಯೇ ಜಯಾ ಬಂದಳು, ಅವಳ ಕೈಯಲ್ಲಿ ಹಿಟ್ಟು. ತಿಮ್ಮರಾಯಪ್ಪ ನಿಂತುಕೊಂಡು ಹೇಳಿದರು. "ಬೆಳಿಗ್ಗೆ ಬಿದ್ದೆ ಕಣ್ಲಾ. ಇವಳ ಮಿಷಿನ್ನು ಸರಿಯಾಗೇ ಹೇಳ್ತು. ಸುಳ್ಳು ಹೇಳಿದ್ದು ನಾನು."

ಯಲ್ಲಪ್ಪ ತೋಳು ನೋಡಿದ. ಡಾಕ್ಟರ ಹತ್ತಿರ ಹೋಗೋಣ ಅಂದ. ಮೂಳೆಗೇನೂ ಆಗಿಲ್ಲ, ನಾಳೆ ಹೋದರಾಯಿತು ಅಂದರು. ಎಷ್ಟು ಹೊತ್ತು ಬಿದ್ದಿದ್ದೆ ಎಂದು ಅವನು ಕೇಳಿದ್ದಕ್ಕೆ ಮೊಮ್ಮಗಳ ಕಡೆ ಕೈ ತೋರಿಸಿದರು, ಅವಳೇ ಹೇಳಿದಳು. ಯಲ್ಲಪ್ಪ ಮಂಚದ ತುದಿಯಲ್ಲಿ ಕೂತ. ಇಡೀ ವರ್ಷ ಕೆಳಗೆ ಬಾ ಕೆಳಗೆ ಬಾ ಎಂದು ಬೊಬ್ಬೆ ಹೊಡೆದವನಿಗೆ ಈಗ ಆ ಮಾತು ಬಾಯಿಗೆ ಬರಲಿಲ್ಲ. ಗೋಡೆಗೊಂದು ಕಂಬಿ ಹೊಡೆಸಿದರೆ, ಬಚ್ಚಲಿಗೆ ಒರಟು ಟೈಲ್ಸ್ ಹಾಕಿಸಿದರೆ ಎಂದು ಏನೋ ಶುರು ಮಾಡಿದ. ಅಂಗಡಿಯಲ್ಲೇ ಎಲ್ಲ ಇದೆ ಅಂದ.

"ಅದೆಲ್ಲ ಕೆಳಗಿನ ರೂಮಿಗೆ ಹಾಕ್ಸು," ಅಂದರು ತಿಮ್ಮರಾಯಪ್ಪ. "ಮಾತು ಅಂದ್ರೆ ಮಾತು."

ಶನಿವಾರ ಅವರು ಕೆಳಗಿಳಿದರು. ಮಂಚ, ಟ್ರಂಕು, ರೇಡಿಯೋ ಲಿಫ್ಟಿನಲ್ಲಿ ಬಂದವು. ಅವರು ಮೆಟ್ಟಿಲಿಳಿದು ಬಂದರು, ಕೈಯಲ್ಲಿ ಚೊಂಬು ಹಿಡಿದು. ಅರ್ಪಿತ ಕೆಳಗಿನ ರೂಮಿಗೂ ಒಂದು ಪೆಟ್ಟಿಗೆ ಹಚ್ಚಿದಳು. ರೋಣಗಲ್ಲು ಇಳಿಸಲು ಕ್ರೇನಿನವನಿಗೆ ಹೇಳಲಾ ಎಂದು ಯಲ್ಲಪ್ಪ ಕೇಳಿದ. ಬೇಡ ಅಂದರು. ಹಾಗಾದರೆ ನಮಸ್ಕಾರ ಎಂದು ಜಯಾ ಕೇಳಿದ್ದಕ್ಕೆ ಚೊಂಬನ್ನು ಮಂಚದ ಕೆಳಗೆ ಸರಿಸಿದರು. ಹಾರ್ಡ್‌ವೇರ್ ಅಂಗಡಿಯ ಶಟರ್ ಎಳೆಯುವ ಸದ್ದಿಗೆ ಅವರು ಮುಖ ಸಿಂಡರಿಸಿದ್ದನ್ನು ಮೂವರೂ ನೋಡಿ ನೋಡದ ಹಾಗಿದ್ದರು.

ಅದಕ್ಕೆ ಮೊದಲೇ, ಶುಕ್ರವಾರ, ಅರ್ಪಿತ ಆ ರೆಕಾರ್ಡನ್ನು ನಮಸ್ಕಾರಗಳ ಕಡತದಿಂದ ತೆಗೆದಿದ್ದಳು. ಅಜ್ಜನ ಹೊಸ ಉತ್ತರವನ್ನು ಅಜ್ಜನ ಬೆರಳಿನಿಂದಲೇ ಒತ್ತಿಸಿ, ನಿಜವಾಗಿ ಬಿದ್ದವರಿಗೆಂದೇ ಹೊಸದಾಗಿ ತೆರೆದ ಕಡತದಲ್ಲಿ ಹಾಕಿದಳು. ಅಲ್ಲಿ ಅದು ನಂಬರ್ ಒಂದು. ಚಿದಾನಂದ್ ಎರಡು ಸಲ ನೋಡಿ, ಹಿರಿಯರು ಯಾರು ಎಂದು ಕೇಳಿದ. ನಮ್ಮ ತಾತ ಅಂದಳು. ಅದನ್ನು ಹೇಳುವಾಗ ತನ್ನ ಧ್ವನಿ ಎತ್ತರವಾದದ್ದು ಅವಳಿಗೇ ಕೇಳಿಸಿತು.

ಸೋಮವಾರ ಬೆಳಿಗ್ಗೆ ಆರಕ್ಕೆ ಐದು ನಿಮಿಷವಿದ್ದಾಗ ಅವಳಿಗೆ ಎಚ್ಚರವಾಯಿತು. ಎರಡನೇ ಮಹಡಿಯ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಯಾರೋ ನಿಂತು ಉಸಿರು ತೆಗೆದುಕೊಂಡ ಸದ್ದು. ಆಮೇಲೆ ಹೆಜ್ಜೆ, ಮೇಲಕ್ಕೆ. ನಿಧಾನ. ಲಿಫ್ಟ್ ಅದರ ಜಾಗದಲ್ಲೇ ಇತ್ತು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತಟ್ಟುವುದನ್ನು ನಿಲ್ಲಿಸಿದಳು. ಅಪ್ಪ ಬ್ರಷ್ ಬಾಯಲ್ಲಿಟ್ಟುಕೊಂಡು ಅವಳ ರೂಮಿಗೆ ಬಂದ. ಬಾಗಿಲ ಚಿಲಕದ ಕಡೆ ಹೋಗುತ್ತಿದ್ದ ಅವನ ಮಣಿಕಟ್ಟನ್ನು ಹಿಡಿದು ಅರ್ಪಿತ ಮಂಚದ ಮೇಲೆ ಕೂರಿಸಿದಳು, ಫೋನು ಇಬ್ಬರ ನಡುವೆ ಇಟ್ಟಳು.

ನಾಲ್ಕನೇ ಮಹಡಿಯ ಖಾಲಿ ರೂಮು. ಪರದೆ ಕಪ್ಪಗಿತ್ತು. ಬಾಗಿಲ ಜಾಗದಲ್ಲಿ ಹಸಿರು ಚುಕ್ಕಿಗಳು ಕೂಡಿಕೊಂಡವು, ಅಲ್ಲೇ ನಿಂತವು. ಎದೆಯ ಹತ್ತಿರ ಏರಿಳಿತ ಜೋರಾಗಿತ್ತು, ಕಡಿಮೆಯಾಗುತ್ತಾ ಬಂತು. ಆಮೇಲೆ ಮೂಲೆಯ ಕಡೆ ನಡೆದವು. ಕೈ ಜೋಡಿತು. ಬಲ ಮೊಣಕಾಲು, ಎಡ ಮೊಣಕಾಲು, ಅಂಗೈ, ಎದೆ. ಫೋನು ಕೂಗಲಿಲ್ಲ. ಯಲ್ಲಪ್ಪ ಉಗುಳು ನುಂಗಿದ, ಪೇಸ್ಟ್ ಸಮೇತ.

"ಎದ್ರಾ?" ಅಡುಗೆಮನೆಯಿಂದ ಜಯಾ ಕೇಳಿದಳು.

ಎದೆ ನೆಲ ಬಿಟ್ಟಿತು, ಅಂಗೈ ಬಿಟ್ಟಿತು. ಮೊಣಕಾಲ ಮೇಲೆ ಚುಕ್ಕಿಗಳು ಸ್ವಲ್ಪ ಹೊತ್ತು ತಡೆದವು. ಆಮೇಲೆ ಒಂದೊಂದಾಗಿ ಮೇಲೇರಿ ಮನುಷ್ಯನೆತ್ತರ ನಿಂತವು. ಒಂದು ಕೈ ಸೊಂಟದ ಮಟ್ಟಕ್ಕೆ ಬಂದು, ಪರದೆಯ ಮೇಲೆ ಏನೂ ಇಲ್ಲದ ಕಡೆ, ತನ್ನ ಭಾರವನ್ನೆಲ್ಲ ಊರಿ ನಿಂತಿತ್ತು.